ಎತ್ತಿಕೊಡದ ಮಾತು

ಶನಿವಾರ, ಮಧ್ಯಾಹ್ನ

ನನ್ನ ಮುದ್ದಿನ ಮಗಳಿಗೆ,

ಅಮ್ಮನ ಪ್ರೀತಿಯ ನೆನಪುಗಳು. ನಾವಿಬ್ಬರೂ ಕರ್ತನ ಕೃಪೆಯಿಂದ ಕ್ಷೇಮವಾಗಿದ್ದೇವೆ, ನನ್ನ ಎಡ ಮೊಣಕಾಲೊಂದನ್ನು ಬಿಟ್ಟು. ಅದು ಮೊದಲಿನಿಂದಲೂ ಹೇಳಿದ ಮಾತು ಕೇಳುವುದಿಲ್ಲ, ನಿನ್ನ ಅಪ್ಪನ ಹಾಗೆ.

ನಿನ್ನ ಪತ್ರ ಮಂಗಳವಾರ ಬಂತು. ಫೋನಿನಲ್ಲೇ ಉತ್ತರ ಹೇಳಿಬಿಡೋಣವೆಂದು ಎರಡು ಸಲ ನಂಬರ್ ಒತ್ತಿದೆ. ಎರಡು ಸಲವೂ ನಿನ್ನ ‘ಹಲೋ’ ಕೇಳಿದ ಕೂಡಲೇ ಧೈರ್ಯ ಕೈಕೊಟ್ಟು, ನೆಗಡಿ ವಾಸಿಯಾಯಿತಾ, ಅಳಿಯಂದಿರು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರಾ ಎಂದು ಕೇಳಿ ಇಟ್ಟುಬಿಟ್ಟೆ. ನೆಗಡಿ ನಿಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನೀನೂ ಫೋನ್ ಬಿಟ್ಟು ಪತ್ರ ಬರೆದಿದ್ದೀಯ ಎಂದರೆ ನಿನಗೂ ಬಾಯಲ್ಲಿ ಹೇಳಲಾಗಲಿಲ್ಲ ಎಂದಾಯಿತು. ತಾಯಿಯಂತೆ ಮಗಳು, ಇನ್ನೇನು.

ನನ್ನ ಮೊಮ್ಮಗಳು ಗುಬ್ಬಿಯ ವಿಷಯ ಬರೆದಿದ್ದೀಯ. ಎಂಟು ವರ್ಷದ ಹುಡುಗಿ, ಪೆನ್ಸಿಲ್ ಹಿಡಿದರೆ ಕಾಗದದ ಮೇಲೆ ಕುದುರೆ ಓಡುತ್ತದೆ. ಅದು ಅವಳಿಗೂ ಗೊತ್ತಾಗಿಬಿಟ್ಟಿದೆ, ಅದೇ ತೊಂದರೆ. ಸಂಡೇಸ್ಕೂಲಿನಲ್ಲಿ ಮಕ್ಕಳೆಲ್ಲ ನೋಹನ ನಾವೆಯನ್ನು ಬಿಡಿಸುತ್ತಿದ್ದಾಗ ಪಕ್ಕದ ಹುಡುಗನ ಆನೆಯನ್ನು ನೋಡಿ, ‘ಇದು ಆನೆಯಲ್ಲ, ಬಾಲ ಬಂದಿರೋ ಆಲೂಗಡ್ಡೆ’ ಎಂದಳಂತೆ. ಆ ಮಗು ಅತ್ತು ಅತ್ತು ಮೂಗು ಸೋರಿಸಿಕೊಂಡು ಮನೆಗೆ ಹೋಯಿತಂತೆ. ಟೀಚರ್ ಗದರಿಸಿದರೆ, ‘ನಿಜ ತಾನೇ ಹೇಳಿದ್ದು? ಇಲ್ಲಿ ನನ್ನಷ್ಟು ಚೆನ್ನಾಗಿ ಬಿಡಿಸೋರು ಯಾರಿದಾರೆ?’ ಎಂದು ತಿರುಗಿ ಕೇಳಿದಳಂತೆ. ಆಲೂಗಡ್ಡೆಯ ಮಾತು ಓದಿದಾಗ ನಿನ್ನ ಅಪ್ಪ ಗೊಳ್ಳೆಂದು ನಕ್ಕರು. ನಾನು ಕಣ್ಣು ಕೆಂಪು ಮಾಡಿದೆ. ಆಮೇಲೆ ಅಡುಗೆಮನೆಗೆ ಹೋಗಿ ನಾನೂ ನಕ್ಕೆ.

ನೀನು ಮಾತ್ರ ನಗಲಿಲ್ಲ. ಅವಳ ಬಣ್ಣದ ಪೆಟ್ಟಿಗೆಯನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀಯ. ಮೂರು ದಿನ ರಂಪ ಮಾಡಿದಳು, ಈಗ ಸುಮ್ಮನಾಗಿದ್ದಾಳೆ, ಕೇಳಿದರೆ ‘ನನಗೆ ಬಿಡಿಸೋಕೆ ಬರಲ್ಲ’ ಅನ್ನುತ್ತಾಳೆ, ಸದ್ಯ ದಾರಿಗೆ ಬರುತ್ತಿದ್ದಾಳೆ ಎಂದು ಬರೆದಿದ್ದೀಯ. ಕೊನೆಗೆ ಆ ಸಾಲು: ‘ಅಮ್ಮಾ, ಒಂದು ಭಾನುವಾರ ಬಂದು ಹೋಗು. ನಾನು ಚಿಕ್ಕವಳಿದ್ದಾಗ ನನಗಾಗಿ ಮಾಡಿದೆಯಲ್ಲ, ಆ ಪ್ರಾರ್ಥನೆಯನ್ನು ಇವಳ ಮುಂದೆಯೂ ಮಾಡು. ನನಗೆ ಅದರಿಂದ ಒಳ್ಳೆಯದೇ ಆಯಿತು.’

ಈ ಸಾಲನ್ನು ನಾಲ್ಕು ಸಲ ಓದಿದೆ ಕಣೇ. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ನೀನು ಅದರ ಮಾತೆತ್ತಿರಲಿಲ್ಲ. ಮರೆತಿದ್ದೀಯ ಎಂದು ನಾನು ನಂಬಿಕೊಂಡಿದ್ದೆ. ನಂಬಿದರೆ ನನಗೆ ಹಾಯಾಗಿತ್ತು. ಈಗ ಕೇಳು. ನೀನು ಬರಬೇಡ ಎಂದರೂ ನಾನು ಬರುತ್ತೇನೆ, ಆದರೆ ಆ ಪ್ರಾರ್ಥನೆಯನ್ನು ಮಾಡುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

ಆಗ ನಿನಗೆ ಹತ್ತು ವರ್ಷ. ಒಮ್ಮೆ ಕೇಳಿದ್ದು ನಿನ್ನ ತಲೆಯಲ್ಲಿ ಅಂಟಿ ಕೂರುತ್ತಿತ್ತು. ಸಂಡೇಸ್ಕೂಲಿನಲ್ಲಿ ನಾನೇ ನಿನ್ನ ಟೀಚರ್. ಬೈಬಲ್ ವಾಕ್ಯಗಳ ಕಂಠಪಾಠದಲ್ಲಿ ಸತತ ಮೂರು ವರ್ಷ ಬಹುಮಾನ ನಿನಗೇ. ಮೂರನೆಯ ವರ್ಷ ಕೊಟ್ಟಿದ್ದ ವಿಷಯ ತಗ್ಗಿ ನಡೆಯುವುದರ ಬಗ್ಗೆ. ಹದಿನೆಂಟು ವಾಕ್ಯಗಳನ್ನು ಒಂದೇ ಉಸಿರಿಗೆ ಒಪ್ಪಿಸಿ, ಬಹುಮಾನ ಹಿಡಿದು ಇಳಿದು ಬರುವಾಗ ಎರಡನೆಯ ಸ್ಥಾನದ ಹುಡುಗಿಗೆ ನಾಲಿಗೆ ಚಾಚಿದೆ. ‘ವಿನಯದಲ್ಲಿ ಫಸ್ಟ್ ಪ್ರೈಜ್ ಹೊಡೆದ ಜಂಭದ ಕೋಳಿ’ ಎಂದು ನಿನ್ನ ಅಪ್ಪ ತಿಂಗಳುಗಟ್ಟಲೆ ನಿನ್ನನ್ನು ಕಾಡಿಸಿದರು. ಅವರಿಗೆ ಎಲ್ಲವೂ ತಮಾಷೆ. ನನಗೆ ತಲೆ ತಗ್ಗಿಸುವಂತಾಗಿತ್ತು. ತುಂಬಿದ ಕೊಡ ತುಳುಕುವುದಿಲ್ಲ, ತುಂಬಿದ ಕೊಡ ತುಳುಕುವುದಿಲ್ಲ ಎಂದು ಬೆಳಿಗ್ಗೆ ಸಂಜೆ ನಿನಗೆ ಹೇಳಿದ್ದೇ ಹೇಳಿದ್ದು.

ಕೊನೆಗೆ ಒಂದು ಸಂಜೆ ಮನೆಪ್ರಾರ್ಥನೆಯಲ್ಲಿ, ನೀನು ನನ್ನ ಪಕ್ಕದಲ್ಲೇ ಮೊಣಕಾಲೂರಿದ್ದಾಗ, ನಾನು ಗಟ್ಟಿಯಾಗಿ ಕೇಳಿಕೊಂಡೆ. ‘ಕರ್ತನೇ, ಈ ಮಗುವಿನ ಗರ್ವ ಮುರಿ. ಎಲ್ಲರ ಮುಂದೆ ಇವಳನ್ನು ತಗ್ಗಿಸು, ಆಗಲಾದರೂ ಬುದ್ಧಿ ಬರಲಿ’ ಎಂದೆ. ನಿನ್ನ ಅಪ್ಪ ಆಮೆನ್ ಅನ್ನಲಿಲ್ಲ. ನೀನು ಅಂದೆ, ಮೆಲ್ಲಗೆ.

ಅದಾಗಿ ಎಂಟು ದಿನಕ್ಕೆ ಸಭೆಯ ವಾರ್ಷಿಕ ಕೃತಜ್ಞತಾ ಆರಾಧನೆ. ಹಿಂದಿನ ಪಾಸ್ಟರು ತಾವೇ ಬರೆದಿಟ್ಟಿದ್ದ ಎರಡು ಪುಟದ ವಂದನೆಯ ಪ್ರಾರ್ಥನೆಯನ್ನು ಪ್ರತಿವರ್ಷ ಒಂದು ಮಗು ಬಾಯಿಪಾಠ ಒಪ್ಪಿಸುವುದು ನಮ್ಮ ಸಭೆಯ ಆಗಿನ ಪದ್ಧತಿ, ನಿನಗೆ ಗೊತ್ತು. ಮಗು ಮರೆತರೆ ಮುಂದಿನ ಮಾತನ್ನು ಪಿಸುಗುಟ್ಟಿ ಎತ್ತಿಕೊಡಲು ಒಬ್ಬರು ಆ ಕಾಗದ ಹಿಡಿದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದರು. ಆ ವರ್ಷ ಮಗು ನೀನು, ಎತ್ತಿಕೊಡುವವಳು ನಾನು. ಬಿಳಿ ಫ್ರಾಕು ನಾನೇ ಹೊಲಿದದ್ದು, ಸೊಂಟಕ್ಕೆ ನೀಲಿ ಪಟ್ಟಿ. ಮೊದಲ ಪುಟವನ್ನು ನೀನು ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದೆ. ಕಣ್ಣಿಗೆ, ಕಿವಿಗೆ, ದುಡಿಯುವ ಕೈಗೆ, ಕಲಿಯುವ ಬುದ್ಧಿಗೆ ಸ್ತೋತ್ರ ಹೇಳಿ, ‘ನೀನು ನನಗೆ ಕೊಟ್ಟದ್ದನ್ನು ನಾನು’ ಎನ್ನುವಲ್ಲಿಗೆ ಬಂದು ನಿಂತುಬಿಟ್ಟೆ.

ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಯಾರೋ ಕೆಮ್ಮಿದರು. ನೀನು ಮತ್ತೊಮ್ಮೆ ‘ನೀನು ನನಗೆ ಕೊಟ್ಟದ್ದನ್ನು ನಾನು’ ಎಂದೆ. ಆಮೇಲೆ ನನ್ನ ಕಡೆ ನೋಡಿದೆ.

ಅಮ್ಮನೂ ಗಾಬರಿಯಲ್ಲಿ ಸಾಲು ಕಳೆದುಕೊಂಡಳು ಎಂದು ನಿನಗೆ ಗೊತ್ತು, ಅಲ್ಲವೇ? ಆವತ್ತು ಮನೆಗೆ ಬರುವಾಗ ನಾನೇ ಹಾಗೆ ಹೇಳಿದ್ದೆ. ಸುಳ್ಳು ಹೇಳಿದ್ದೆ. ಕಾಗದ ನನ್ನ ತೊಡೆಯ ಮೇಲಿತ್ತು. ಬೆರಳು ಸರಿಯಾಗಿ ಆ ಸಾಲಿನ ಮೇಲಿತ್ತು. ಮುಂದಿನ ಮಾತು ತುಟಿಯವರೆಗೆ ಬಂದಿತ್ತು. ನೀನು ನನ್ನನ್ನೇ ನೋಡುತ್ತಿದ್ದೆ, ನಾನು ತಲೆ ತಗ್ಗಿಸಿ ಕೂತೆ. ದೇವರು ನಿನ್ನ ಬಾಯಿ ಕಟ್ಟಲಿಲ್ಲ, ಮಗಳೇ. ಮಕ್ಕಳು ಮರೆಯುತ್ತಾರೆ, ನೀನೂ ಮರೆತೆ, ಅಷ್ಟೇ. ಬಾಯಿ ಮುಚ್ಚಿಕೊಂಡವಳು ನಾನು.

ನಿನ್ನ ಒಳ್ಳೆಯದಕ್ಕೇ ಹಾಗೆ ಮಾಡಿದೆ ಎಂದು ಬರೆದು ಇಲ್ಲಿಗೇ ಮುಗಿಸಬಹುದಿತ್ತು. ನಿನ್ನೆ ಬರೆದ ಪತ್ರವನ್ನು ಹಾಗೇ ಮುಗಿಸಿದ್ದೆ. ಇವತ್ತು ಬೆಳಿಗ್ಗೆ ಅದನ್ನು ಹರಿದು ಹಾಕಿದೆ. ಹರಿಯುವಂತೆ ಮಾಡಿದವರು ನಿನ್ನ ಅಪ್ಪ, ಅದು ಅವರಿಗೇ ಗೊತ್ತಿಲ್ಲ.

ಅವರ ಕೈನಡುಕದ ವಿಷಯ ನಿನಗೆ ಫೋನಿನಲ್ಲಿ ‘ಸ್ವಲ್ಪ’ ಎಂದು ಹೇಳಿದ್ದೆ. ಸ್ವಲ್ಪವಲ್ಲ, ಚಹಾ ಲೋಟವನ್ನು ಎರಡು ಕೈಯಲ್ಲಿ ಹಿಡಿಯಬೇಕು. ನಲವತ್ತು ವರ್ಷ ವಾಚು ರಿಪೇರಿ ಮಾಡಿದ ಕೈ. ಹಾಗೆಂದು ಮುಂದಿನ ಕೋಣೆಯ ಅಂಗಡಿ ಮುಚ್ಚಿಲ್ಲ. ಈಗ ಅವರು ವಾಚನ್ನು ಕಿವಿಗೆ ಹಿಡಿದು ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಬಿಚ್ಚಿ ಜೋಡಿಸುವವಳು ನಾನು. ಬಟ್ಟೆ ಹೊಲಿದ ಕೈ, ಅರವತ್ತೆರಡನೇ ವಯಸ್ಸಿಗೆ ಮೊದಲನೇ ಕ್ಲಾಸು. ದಿನಕ್ಕೆ ನಾಲ್ಕು ಸಲ ಬೈಸಿಕೊಳ್ಳುತ್ತೇನೆ. ಮದುವೆಯಾದ ಮೇಲೆ ಅವರು ನನ್ನನ್ನು ಬೈದದ್ದೇ ಇಲ್ಲ, ಈಗ ಎಲ್ಲವನ್ನೂ ಒಟ್ಟಿಗೆ ತೀರಿಸುತ್ತಿದ್ದಾರೆ.

ಇವತ್ತು ಬೆಳಿಗ್ಗೆ ಹೈಸ್ಕೂಲು ಮೇಷ್ಟರ ಹಳೇ ವಾಚು. ಸಾಸಿವೆಗಿಂತ ಚಿಕ್ಕ ತಿರುಪು, ಎರಡು ಸಲ ಜಾರಿ ಬಿತ್ತು, ಮೂರನೇ ಸಲ ಕೂತಿತು. ವಾಚು ಓಡಿತು. ಅವರು ಕಿವಿಗೆ ಹಿಡಿದು, ‘ಭಲೇ! ಏನು ಕೈ ಕಣೇ ನಿಂದು!’ ಎಂದರು. ನಾನು ರೂಢಿಯಂತೆ, ‘ಅಯ್ಯೋ, ನಂದೇನಿದೆ, ನಂಗೇನು ಬರುತ್ತೆ, ಎಲ್ಲಾ ದೇವರ ಕೃಪೆ’ ಎಂದೆ.

ಅವರಿಗೆ ಸಿಟ್ಟು ಬಂತು. ‘ನಾನು ನಿಂಗೊಂದು ಶಾಲು ತಂದುಕೊಟ್ರೆ, ಅಯ್ಯೋ ಇದು ಚಿಂದಿ ಅಂತೀಯಾ? ಚೆನ್ನಾಗಿದೆ ಅನ್ನು, ಹೊದ್ದುಕೋ, ಕೊಟ್ಟೋನಿಗೆ ಥ್ಯಾಂಕ್ಸ್ ಹೇಳು. ಚಿಂದಿ ಅಂದ್ರೆ ಕೊಟ್ಟೋನಿಗೇ ಅವಮಾನ’ ಎಂದರು. ನಾನು ಸುಮ್ಮನಿರಲಾರದೆ, ಕೈ ನಡುಗಲು ಶುರುವಾದಾಗ ನಿಮಗೆ ಕೊಟ್ಟವನ ಮೇಲೆ ಬೇಜಾರಾಗಲಿಲ್ಲವಾ ಎಂದು ಕೇಳಿದೆ. ‘ಆಯ್ತು. ನೀನು ಮಾರ್ಕೆಟ್ಟಿಗೆ ಹೋಗಿದ್ದಾಗ ಕೂತು ಅತ್ತೆ. ಆದರೆ ಈ ಕೈ ನಂದೇ ಅಂದುಕೊಂಡಿದ್ರೆ ಯಾರೋ ಕದ್ದರು ಅನ್ನಿಸ್ತಿತ್ತು. ನಲವತ್ತು ವರ್ಷ ಕೊಟ್ಟಿದ್ದ, ನಾನು ಕೇಳದೇನೇ’ ಎಂದು ಹೇಳಿ, ವಾಚನ್ನು ಇನ್ನೊಮ್ಮೆ ಕಿವಿಗೆ ಹಿಡಿದು ‘ಸ್ತೋತ್ರ’ ಎಂದರು. ಭಲೇ ಎಂದದ್ದೂ ಅದೇ ಬಾಯಿ, ಸ್ತೋತ್ರ ಎಂದದ್ದೂ ಅದೇ ಬಾಯಿ. ಇಷ್ಟು ವರ್ಷ ಇದನ್ನು ನಾನು ಅವರ ಜಂಭ ಎಂದುಕೊಂಡಿದ್ದೆ.

ಆಮೇಲೆ ಒಳಗೆ ಬಂದು ಆ ಪತ್ರ ಹರಿದೆ. ಈಗ ನಿಜ ಬರೆಯುತ್ತೇನೆ. ಆ ಸಂಜೆಯ ಪ್ರಾರ್ಥನೆಗೆ ಹಿಂದಿನ ದಿನ ಸ್ತ್ರೀಯರ ಕೂಟದಲ್ಲಿ ನಾನು ಒಂದು ವಾಕ್ಯವನ್ನು ತಪ್ಪು ಹೇಳಿದ್ದೆ. ನೀನು ಹಿಂದಿನ ಬೆಂಚಿನಿಂದ ‘ಅಮ್ಮಾ, ಅದು ಹಾಗಲ್ಲ’ ಎಂದು ಕೂಗಿ ತಿದ್ದಿದೆ. ಪಾಸ್ಟರ ಹೆಂಡತಿ ‘ಟೀಚರಿಗೇ ಟೀಚರು ಬಂದಳಪ್ಪಾ!’ ಎಂದರು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಹೊಟ್ಟೆಯೊಳಗೆ ಉರಿ ಹತ್ತಿತು. ಆರಾಧನೆಯ ಬೆಳಿಗ್ಗೆ ನೀನು ನನ್ನ ಮುಖ ನೋಡುತ್ತಾ ನಿಂತಾಗಲೂ ಅದು ಆರಿರಲಿಲ್ಲ. ಮುರಿಯಬೇಕಾದ ಗರ್ವ ನಮ್ಮ ಮನೆಯಲ್ಲಿ ಇತ್ತು, ನಿಜ. ಅದರ ವಯಸ್ಸು ಹತ್ತಲ್ಲ, ಮೂವತ್ತೆಂಟು.

ಅವತ್ತಿನಿಂದ ನೀನು ಬದಲಾದೆ. ಜನರ ಮುಂದೆ ಮತ್ತೆ ನಿಲ್ಲಲಿಲ್ಲ. ಎಲ್ಲಿ ಹೋದರೂ ಹಿಂದಿನ ಸಾಲು, ಯಾರೇ ಹೊಗಳಿದರೂ ‘ನಂಗೇನೂ ಬರಲ್ಲ’. ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ನರ್ಸಾಗಿದ್ದೀಯ, ವಾರ್ಡಿನ ಮೇಲ್ವಿಚಾರಣೆ ವಹಿಸಿಕೋ ಎಂದು ಎರಡು ಸಲ ಕೇಳಿದರೂ ನನ್ನ ಕೈಲಾಗದು ಎಂದೆ. ಸಭೆಯವರು ‘ಎಷ್ಟು ತಗ್ಗಿ ನಡೆಯೋ ಮಗಳನ್ನ ಬೆಳೆಸಿದೀರಿ!’ ಎಂದರೆ ನಾನು ಉಬ್ಬಿ ಹೋಗುತ್ತಿದ್ದೆ. ನಿನ್ನ ವಿನಯದ ಬಗ್ಗೆ ನನಗಿದ್ದಷ್ಟು ಜಂಭ ನಿನ್ನ ನೆನಪಿನ ಶಕ್ತಿಯ ಬಗ್ಗೆ ನಿನಗೂ ಇರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ನಿಜ. ಬೋರಲು ಹಾಕಿದ ಕೊಡವೂ ತುಳುಕುವುದಿಲ್ಲ, ಮಗಳೇ. ನಾನು ಮಾಡಿದ್ದು ಅದನ್ನು.

ಗುಬ್ಬಿ ‘ನನಗೆ ಬಿಡಿಸೋಕೆ ಬರಲ್ಲ’ ಅನ್ನುತ್ತಿದ್ದಾಳಲ್ಲ, ಅದನ್ನು ವಿನಯ ಎಂದುಕೊಳ್ಳಬೇಡ. ಅದು ಭಯ. ಆ ಧ್ವನಿ ನನಗೆ ಗೊತ್ತು, ಇಪ್ಪತ್ತನಾಲ್ಕು ವರ್ಷ ಕೇಳಿದ್ದೇನೆ. ಈ ಪತ್ರ ಮಡಿಸಿಟ್ಟ ಕೂಡಲೇ ಹೋಗಿ ಬೀರು ತೆಗೆ. ಅವಳು ಚೆನ್ನಾಗಿ ಬಿಡಿಸುತ್ತಾಳೆ ಎಂದು ಅವಳ ಮುಖ ನೋಡಿ ಹೇಳು. ಆನೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ಅವಳು ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಲಿ, ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಹೋಗಲಿ, ಅವನು ಬೇಡ ಅನ್ನದಿದ್ದರೆ ಸೊಂಡಿಲು ಹೇಗೆ ಬರೆಯುವುದು ಎಂದು ತೋರಿಸಲಿ. ಅವನಿಗೆ ಏನು ಚೆನ್ನಾಗಿ ಬರುತ್ತದೆ ಎಂದೂ ಕೇಳಿಕೊಂಡು ಬರಲಿ. ಏನೋ ಒಂದು ಇದ್ದೇ ಇರುತ್ತದೆ, ದೇವರು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟು ಚೆಂದದ ಕೈ ಕೊಟ್ಟೆಯಲ್ಲ, ಸ್ತೋತ್ರ ಎಂದು ಗಟ್ಟಿಯಾಗಿ ಹೇಳು. ಅವಳ ಕಿವಿಗೆ ಬೀಳಲಿ. ಮಕ್ಕಳು ನಮ್ಮ ಉಪದೇಶ ಮರೆಯುತ್ತಾರೆ, ನಾವು ಅವರ ಬಗ್ಗೆ ದೇವರ ಹತ್ತಿರ ಏನು ಹೇಳಿದೆವು ಎನ್ನುವುದನ್ನು ಮರೆಯುವುದಿಲ್ಲ.

ಮುಂದಿನ ಭಾನುವಾರ ಬಂದಾಗ ನಾನೂ ಹಾಗೇ ಪ್ರಾರ್ಥಿಸುತ್ತೇನೆ, ಅವಳಿಗಾಗಿ ಒಮ್ಮೆ, ನಿನಗಾಗಿ ಒಮ್ಮೆ. ಬರಬೇಡ ಅನ್ನುವಷ್ಟು ಕೋಪ ಬಂದಿದ್ದರೆ ನಿಮ್ಮ ಮೆಟ್ಟಿಲ ಮೇಲೆ ಕೂತೇ ಪ್ರಾರ್ಥಿಸಿ ಹೋಗುತ್ತೇನೆ. ಕೋಪ ನನ್ನ ಮೇಲೆ ಮಾಡು, ನಾನು ಅದಕ್ಕೆ ತಕ್ಕವಳು. ದೇವರ ಮೇಲೆ ಬೇಡ. ಇಷ್ಟು ವರ್ಷ ನನ್ನ ತಪ್ಪನ್ನು ಆತನ ಮೇಲೆ ಹೊರಿಸಿ ಆರಾಮಾಗಿ ನಿದ್ದೆ ಮಾಡಿದೆ. ನನ್ನನ್ನು ಕ್ಷಮಿಸು, ಕಂದಾ. ಆದಾಗ.

ನಿನ್ನ ಬುದ್ಧಿಗೆ, ನಿನ್ನ ಕೈಗುಣಕ್ಕೆ, ನೀನು ಹುಟ್ಟಿದ್ದಕ್ಕೆ ಸ್ತೋತ್ರ ಹೇಳುತ್ತಿರುವ,
ನಿನ್ನ ಅಮ್ಮ

ತಾ.ಕ.: ಪಾಸ್ಟರು ಬರೆದಿದ್ದ ಆ ಕಾಗದ ಇನ್ನೂ ನನ್ನ ಹೊಲಿಗೆ ಮಶೀನಿನ ಡ್ರಾಯರಿನಲ್ಲಿದೆ. ಎಸೆಯಲು ಧೈರ್ಯ ಬರಲಿಲ್ಲ, ತೆರೆದು ಓದಲೂ ಬರಲಿಲ್ಲ. ಇವತ್ತು ತೆರೆದೆ. ತುಂಬಾ ತಡವಾಯಿತು, ಆದರೂ ಎತ್ತಿಕೊಡುತ್ತೇನೆ. ‘ನೀನು ನನಗೆ ಕೊಟ್ಟದ್ದನ್ನು ನಾನು’ ಎಂದು ನೀನು ನಿಂತಿದ್ದೆ. ಮುಂದಿನ ಮಾತು ಇದು: ‘ಬಚ್ಚಿಡದಂತೆಯೂ, ಅದರಿಂದ ಮೆರೆಯದಂತೆಯೂ ನನ್ನನ್ನು ಕಾಪಾಡು, ಎರಡೂ ಕೈ ಚಾಚಿ ಪಡೆದು ಸಂತೋಷಪಡುವುದನ್ನು ನನಗೆ ಕಲಿಸು.’ ಇನ್ನು ನೀನು ಹೇಳು, ಮಗಳೇ. ಈ ಸಲ ನಾನು ನಿನ್ನನ್ನೇ ನೋಡುತ್ತಿದ್ದೇನೆ.