ಮೊದಲ ನೀರು

ಅರಭಾವಿ
19 ಜನವರಿ 2025, ರವಿವಾರ

ಪೂನಮ್‌ಳ ಪಪ್ಪಾ ಅವರಿಗೆ,

ಜೈ ಭೀಮ್. ಇಲ್ಲಿ ನಾನು, ಪೂನಮ್, ಅತ್ತೆ ಮೂವರೂ ಆರಾಮ. ಮನೆಯನ್ನೂ ನೀರನ್ನೂ ಬಿಸಿ ಮಾಡುವ ಹಳೇ ಗ್ಯಾಸ್ ಬಾಯ್ಲರ್ ತೆಗೆದು ಹೊಸ ಕಂಡೆನ್ಸಿಂಗ್ ಬಾಯ್ಲರ್ ಹಾಕಿಸುವುದು ಲಾಭವೋ ನಷ್ಟವೋ ಎಂದು ನೀವು ಕೇಳಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರಾಗಬೇಡಿ. ಪೋಲಂಡಿನ ಚಳಿ ನಾನು ಕಂಡವಳಲ್ಲ. ಮೂಡಲಗಿಯ ಸಾಲೆಯಲ್ಲಿ ವಿಜ್ಞಾನ ಕಲಿಸುವವಳು ಅರ್ಧಂಬರ್ಧ ಓದಿ ಹೇಳಬಾರದು ಎಂದು ಹುಡುಕಿ ಓದಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಫೋನು ಸದಾ ಸ್ಪೀಕರ್ ಮೇಲೆ, ಒಂದು ಬಾಜೂ ಅತ್ತೆ, ಇನ್ನೊಂದು ಬಾಜೂ ಪೂನಮ್. ನಿಮ್ಮ ಬಾಜೂ ಯಾರಿರುತ್ತಾರೋ ನನಗೆ ಕಾಣುವುದಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ವೆಲ್ಡಿಂಗ್ ಜೋಡಿ ಬಾಳೇಶ ಕೊಣ್ಣೂರಿನಲ್ಲಿ ರಜೆ ಮುಗಿಸಿ ನಾಳೆ ವಾಪಸು ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ನಿಮ್ಮ ಹತ್ತಿರ ಯಾರೇ ಕೂತಿದ್ದರೂ ಕನ್ನಡ ಓದಲು ಬರಲಿಕ್ಕಿಲ್ಲ.

ಮೊದಲು ಬಾಯ್ಲರ್ ಮಾತು. ನೀವು ಕಳಿಸಿದ ಜಾಹೀರಾತಿನ ಫೋಟೋದಲ್ಲಿ ದಪ್ಪ ಅಕ್ಷರದಲ್ಲಿ ಶೇಕಡಾ ನೂರೇಳು ಎಂದಿತ್ತು. ನಾನು ಯಲ್ಲಕ್ಕನ ಹಾಲನ್ನೂ ಬೆರಳಿಗೆ ಹಚ್ಚಿ ನೋಡಿಯೇ ತೆಗೆದುಕೊಳ್ಳುವವಳು. ನೂರು ಪಾಲು ಉರಿ ಹಾಕಿದರೆ ನೂರೇಳು ಪಾಲು ಬಿಸಿ ಎಲ್ಲಿಂದ ಬರಬೇಕು? ಆಮೇಲೆ ಗುಟ್ಟು ತಿಳಿಯಿತು. ಗ್ಯಾಸ್ ಉರಿದಾಗ ಉಗಿಯೂ ಹುಟ್ಟುತ್ತದೆ. ಹಳೇ ಬಾಯ್ಲರ್ ಅದನ್ನು ಹೊಗೆಕೊಳವೆಯಿಂದ ಹೊರಗೆ ಬಿಟ್ಟುಬಿಡುತ್ತದೆ, ಹಾಗಾಗಿ ಅದರ ಬಿಸಿಯನ್ನು ನೂರರ ಲೆಕ್ಕಕ್ಕೇ ಹಿಡಿದಿಲ್ಲ. ಹೊಸದು ಆ ಉಗಿಯನ್ನು ಆರಿಸಿ ನೀರು ಮಾಡಿ, ಅದರ ಬಿಸಿಯನ್ನೂ ಕಿತ್ತುಕೊಳ್ಳುತ್ತದೆ. ಬೇಳೆ ಬೇಯುವಾಗ ಮುಚ್ಚಳದ ಒಳಗೆ ನೀರು ಕೂಡುತ್ತದಲ್ಲ, ಅಷ್ಟೇ. ಅವರು ಸುಳ್ಳು ಹೇಳಿಲ್ಲ, ಒಂದನ್ನು ಲೆಕ್ಕದ ಹೊರಗಿಟ್ಟು ಮಾತಾಡಿದ್ದಾರೆ. ಇದನ್ನು ಓದಿದ ಮೇಲೆ ನನಗೆ ಬಾಯ್ಲರ್ ಬಿಟ್ಟು ಬೇರೆ ವಿಚಾರಗಳೂ ಬರತೊಡಗಿದವು.

ಆ ಲಾಭವೂ ಪುಕ್ಕಟೆ ಸಿಗುವುದಿಲ್ಲ. ಕೋಣೆಗಳನ್ನು ಬೆಚ್ಚಗೆ ಮಾಡಿ ತಿರುಗಿ ಬರುವ ನೀರು ಐವತ್ತೈದು ಡಿಗ್ರಿಗಿಂತ ತಣ್ಣಗಿರಬೇಕು. ಬಹಳ ಬಿಸಿ ಇಟ್ಟರೆ ಉಗಿ ನೀರಾಗದೆ ಹಾಗೇ ಹೊರಗೆ ಹೋಗುತ್ತದೆ, ಹೊಸದಕ್ಕೂ ಹಳೆಯದಕ್ಕೂ ದೊಡ್ಡ ಫರಕು ಉಳಿಯುವುದಿಲ್ಲ. ಸಣ್ಣಗೆ, ಬಹಳ ಹೊತ್ತು ಉರಿಸಬೇಕು. ಕೆಳಗೆ ನೀರು ತೊಟ್ಟಿಕ್ಕಿದರೆ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಅದು ತೊಟ್ಟಿಕ್ಕಲೇಬೇಕು. ಆ ಕೊಳವೆಯನ್ನು ಮಾತ್ರ ಮನೆಯ ಹೊರಗೆ ಉದ್ದಕ್ಕೆ ಬಿಡಬೇಡಿ, ಹೆಪ್ಪುಗಟ್ಟಿ ಬಾಯ್ಲರ್ ನಿಂತುಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಹಾಕಿದ ಖರ್ಚು ಹೊರಬೀಳಲು ಅದೇ ಮನೆಯಲ್ಲಿ ಎಷ್ಟೋ ವರ್ಷ ಇರಬೇಕು. ಅಲ್ಲೇ ನೆಲೆ ನಿಲ್ಲುವವರಿಗೆ ಲಾಭ. ಕರಾರು ಮುಗಿಸಿ ಊರಿಗೆ ಬರುವವರಿಗಲ್ಲ. ಯಾರಿಗೆ ಬಾಯ್ಲರ್ ಎಂದು ಕೇಳಿದರೆ "ಮನಿ ಮಾಲಕರು ಕೇಳಾಕತ್ತಾರ" ಎಂದಿರಿ. ಪೋಲಂಡಿನ ಮನೆ ಮಾಲಕರು ಮೂಡಲಗಿಯ ಮಾಸ್ತರಬಾಯಿಯ ಸಲಹೆಗೆ ಕಾಯುತ್ತಾರೆಂದರೆ ನಾನು ಹೆಮ್ಮೆಪಡಬೇಕು.

ಬುಧವಾರ ಬಾಳೇಶ ಮನೆಗೆ ಬಂದಿದ್ದ. ಪೂನಮ್ ಅವನನ್ನು ಬಿಡಲಿಲ್ಲ. "ಕಾಕಾ, ಪಪ್ಪಾನ ರೂಮಿನ್ಯಾಗ ಬಂಬ ಐತೇನು?"

"ಬಂಬ ಯಾಕವಾ? ನಳ ತಿರುವಿದರ ಬಿಸಿನೀರು. ಕಂಪನಿ ರೂಮಿನ್ಯಾಗ ಎಷ್ಟ ಮಂದಿ ಜಳಕ ಮಾಡಿದರೂ ತಣ್ಣಗಾಗೂದಿಲ್ಲ."

ನಾನು ಒಳಗೆ ಚಹಾ ಕುದಿಸುತ್ತಿದ್ದೆ. ಹಳೇ ಬಾಯ್ಲರ್ ಬಗ್ಗೆ ನೀವು ಫೋನಿನಲ್ಲಿ ಹೇಳಿದ್ದು ನೆನಪಾಯಿತು: "ನನ್ನ ಪಾಳಿ ಬರೂದರಾಗ ನೀರು ಆರಿರತಾವು." ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಹೊರಗೆ ಬಂದು, "ಅವರೂ ನಿಮ್ಮ ರೂಮಿನ್ಯಾಗನ ಅದಾರಲ್ಲ?" ಎಂದೆ.

"ಇದ್ರರಿ ವೈನಿ... ಅದಾರರಿ," ಎಂದ ಬಾಳೇಶ. ಆಮೇಲೆ ಹುಕ್ಕೇರಿಯಲ್ಲಿ ನೋಡಿ ಬಂದ ಕನ್ಯೆಯ ಸುದ್ದಿ ತೆಗೆದು ಕೂತ.

ನಮ್ಮ ಬಚ್ಚಲಿನ ತಾಮ್ರದ ಬಂಬ ಇನ್ನೂ ಗಟ್ಟಿಯಾಗಿದೆ. ನಡುವೆ ಉರಿ, ಸುತ್ತ ನೀರು, ಮೇಲೆ ಒಂದು ಕೊಡ ತಣ್ಣೀರು ಸುರಿದರೆ ನಳದಲ್ಲಿ ಬಿಸಿನೀರು. ಜಳಕವಾದವರು ಮುಂದಿನವರಿಗೆ ಒಂದು ಕೊಡ ಸುರಿದೇ ಹೊರಗೆ ಬರಬೇಕು. ಮೊದಲ ನೀರು ದುಡಿಯಲು ಹೋಗುವ ಮಗನಿಗೆ, ಅದು ಅತ್ತೆಯ ಕಾಯಿದೆ. ನಾನೂ ದುಡಿಯಲು ಹೋಗುತ್ತೇನೆ ಎಂದು ಎಷ್ಟು ಸಲ ಜಗಳ ತೆಗೆದಿಲ್ಲ ನಾನು. ಆ ಕಾಯಿದೆ ಮುರಿದದ್ದು ಒಂದೇ ವರ್ಷ, ಪೂನಮ್ ಹುಟ್ಟಿದಾಗ. ಮೊದಲ ನೀರು ಕೂಸಿಗೆ, ಆಮೇಲೆ ಬಾಣಂತಿಗೆ, ಕೊನೆಗೆ ನಿಮಗೆ. ಆ ವರ್ಷವೆಲ್ಲ ನೀವು ಟವೆಲ್ ಹೆಗಲಿಗೆ ಹಾಕಿ ಗೊಣಗುತ್ತಿದ್ದದ್ದು ನೀರು ಆರಿರತಾವು ಎಂಬ ಇದೇ ಮಾತು, ಇದೇ ದನಿ. ಆಮೇಲೆ ಈ ಫೋನಿನವರೆಗೆ ನಾನು ಅದನ್ನು ಕೇಳಿರಲಿಲ್ಲ.

ನನಗೆ ಸಂಶಯದ ರೋಗ ಎಂದು ನೀವು ನಗುತ್ತೀರಿ. ನಗಿರಿ. ಈ ಸಲ ನನ್ನ ಸಂಶಯ ಸುಳ್ಳಾಗಲಿ ಎಂದೇ ನನಗೂ ಆಸೆ.

ಪೂನಮ್‌ಳ ಮುಂದಿನ ಹಲ್ಲು ಬಿದ್ದಿದೆ, ಫೋನಿನಲ್ಲಿ ತೋರಿಸಲು ನಾಚುತ್ತಾಳೆ. ಅತ್ತೆ ಆಶೀರ್ವಾದ ಬರೆಯಲು ಹೇಳಿದ್ದಾರೆ, ಕಿವಿಗೆ ಗಾಳಿ ಹೋಗದಂತೆ ಕಟ್ಟಿಕೊಳ್ಳಬೇಕಂತೆ. ಚಳಿಯಲ್ಲಿ ಜೋಪಾನ.

ನಿಮ್ಮ
ಸಂಘಮಿತ್ರಾ

ತಾ.ಕ.: ಕಾಗದ ಮಡಚಿಟ್ಟಿದ್ದೆ. ಈಗ ಬಾಳೇಶ ಬಂದಿದ್ದಾನೆ, ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. ಪಾಪ, ಅವನನ್ನು ಬಯ್ಯಬೇಡಿ. ಚಹಾ ಕೊಡುತ್ತ, ಎಲ್ಲ ಗೊತ್ತಿದ್ದವಳ ಹಾಗೆ, "ಅವರ ಕೂಸು ಕುಂಡ್ರತೈತೇನೋ ಬಾಳೇಶ?" ಎಂದೆ. "ಇನ್ನ ಇಲ್ಲರಿ ವೈನಿ, ಬರೇ ಬೋರಲ ಬೀಳತೈತಿ," ಎಂದ. ಆಮೇಲೆ ಕಪ್ಪು ಕೆಳಗಿಟ್ಟು ತಲೆ ಮೇಲೆತ್ತಲಿಲ್ಲ.

ಬಾಯ್ಲರ್ ಹಾಕಿಸಿ. ಅಂಥ ಚಳಿಯಲ್ಲಿ ಎಳೆಗೂಸಿರುವ ಮನೆಗೆ ಅದು ಬೇಕು, ಕೂಸು ಯಾರಿಗೂ ಮೋಸ ಮಾಡಿಲ್ಲ. ನನ್ನ ಮಾತು ಅದಿರಲಿ. ನಿಮ್ಮ ಅವ್ವ ದಿನಾ ಎಲ್ಲರ ಜಳಕ ಮುಗಿದ ಮೇಲೆ ಬಂಬಕ್ಕೆ ಇನ್ನೊಂದು ಕೊಡ ಸುರಿದು, "ಇದು ನನ್ನ ಮಗನ ಪಾಳಿದು" ಎಂದು ಹೇಳಿ ಬರುತ್ತಾರೆ. ಇನ್ನು ಸುರಿಯಬೇಡಿ ಎಂದು ನಾನು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಮುಂದಿನ ರವಿವಾರ ಫೋನು ಎಂದಿನಂತೆ ಸ್ಪೀಕರ್ ಮೇಲೆಯೇ ಇರುತ್ತದೆ. ಯಾಕೆ ಎಂದು ಅವರಿಗೆ ನೀವೇ ಹೇಳಿ.