ಬಚ್ಚಲಮನೆಯ ಕಂಬಿ

ಅಂತೂ ನಗರಸಭೆಯವರು ಮನೆ ಕೊಟ್ಟೇಬಿಟ್ಟರು ಅಪ್ಪಾ! ನೀನು ಹದಿನೇಳು ವರ್ಷ ಕುಂಟುತ್ತಾ ಹೋಗಿ ನವೀಕರಿಸಿ ಬರುತ್ತಿದ್ದೆಯಲ್ಲ, ಅದೇ ಅರ್ಜಿಗೆ.

"ಅರ್ಜಿದಾರರು ಎಲ್ಲಿ?" ಅಂದಳು ಗುಮಾಸ್ತೆ. ತೀರಿಕೊಂಡು ಎರಡು ವರ್ಷವಾಯಿತು ಅಂದೆ. ಮನೆ ಕೈತಪ್ಪಿತು ಅಂದುಕೊಂಡೆ. ಅವಳು ಕಡತ ತಿರುವಿ, "ನಿಮ್ಮ ಹೆಸರೂ ಸೇರಿಸಿದ್ದಾರೆ, ಸಹಿ ಹಾಕಿ. ಪಾಪ, ಪ್ರತಿ ವರ್ಷ ಒಬ್ರೇ ಬರ್ತಿದ್ರು" ಅಂದಳು. ಗೆದ್ದಲಿಗೆ ಮೇವು ಹಾಕೋಕೆ ಹೊರಟೆಯಾ ಅಂತ ನಾನು ಆಡಿಕೊಂಡು ನಗುತ್ತಿದ್ದುದನ್ನು ಅವಳಿಗೆ ಹೇಳಲಿಲ್ಲ.

ಬೀಗ ತೆಗೆದವನೇ ಖಾಲಿ ಕೋಣೆಯಲ್ಲಿ ಕುಣಿದುಬಿಟ್ಟೆ. ನೆಲಮಹಡಿ, ಎರಡು ಕೋಣೆ, ಕಿಟಕಿ ತುಂಬಾ ಬಿಸಿಲು. ಬಚ್ಚಲಮನೆ ಗೋಡೆಗೆ ಮಾತ್ರ ಒಂದು ಉಕ್ಕಿನ ಕಂಬಿ. ಇದೇನು ಅಂತ ನಗರಸಭೆಯ ಮೇಸ್ತ್ರಿಯನ್ನು ಕೇಳಿದೆ.

"ಮಂಡಿನೋವು, ಹಿಡ್ಕೊಳ್ಳೋಕೆ ಏನಾದ್ರೂ ಬೇಕು ಅಂತ ಅರ್ಜೀಲಿ ಬರೆದಿದ್ರಲ್ಲ ಸ್ವಾಮಿ. ಬೇಡ ಅಂದ್ರೆ ಈಗಲೇ ಬಿಚ್ತೀನಿ."

"ಮುಟ್ಟಿದ್ರೆ ನಿನ್ನ ಮಂಡಿ ಬಿಚ್ತೀನಿ" ಅಂದೆ. ಇಬ್ಬರೂ ನಕ್ಕೆವು.

ನನ್ನ ಮಂಡಿ ಕಲ್ಲಿನ ಹಾಗಿದೆ. ಆದರೂ ಬೆಳಿಗ್ಗೆಯಿಂದ ನಾಲ್ಕು ಸಲ ಹೋಗಿ ಹಿಡಿದುಕೊಂಡು ನಿಂತೆ. ಗಟ್ಟಿಯಾಗಿದೆ ಅಪ್ಪಾ, ನೀನು ಪೂರ್ತಿ ಭಾರ ಹಾಕಿದ್ದರೂ—

"ರೀ, ಊಟಕ್ಕೆ ಬರ್ತೀರೋ, ಇಲ್ಲಾ ತಟ್ಟೇನ ಆ ಕಂಬಿ ಹತ್ರಾನೇ ತರಲೋ?"

ನಿನ್ನ ಸೊಸೆ ಕರೆಯುತ್ತಿದ್ದಾಳೆ.