ಅಮ್ಮನ ಮೂಳೆಯ ಸುಣ್ಣ

ಪ್ರೀತಿಯ ಅಕ್ಕಾ,

ಇನ್ನು ಮೇಲೆ ಕ್ಯಾಲ್ಸಿಯಂ ಮಾತ್ರೆ ಕಳಿಸಬೇಡ. ನೀನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಬಂದ ಕೊನೆಯ ಡಬ್ಬಿಯನ್ನು ಡಾಕ್ಟರು ಇಟ್ಟುಕೊಂಡಿದ್ದಾರೆ.

ಎರಡು ವರ್ಷದ ಹಿಂದೆ ಅಮ್ಮನ ಮಣಿಕಟ್ಟು ಮುರಿದಾಗ, ಮೂಳೆಯಲ್ಲಿ ಸುಣ್ಣದ ಅಂಶ ಕಡಿಮೆಯಾಗಿದೆ ಎಂದು ನಾವೇ ತೀರ್ಮಾನಿಸಿದೆವು. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಈಗ ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿದೆ. ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ನಾಲ್ಕು ಗ್ರಂಥಿಗಳಿರುತ್ತವಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅವು ಮೂಳೆಯಿಂದ ತರಿಸಿ ತುಂಬುತ್ತವೆ, ಸಾಕಾದ ಮೇಲೆ ಸುಮ್ಮನಾಗುತ್ತವೆ. ಅಮ್ಮನಿಗೆ ಅವುಗಳಲ್ಲಿ ಒಂದು ಗಂಟಾಗಿ, ಸುಮ್ಮನಾಗುವುದನ್ನೇ ಬಿಟ್ಟಿದೆ. ಅದರ ಮೇಲೆ ನಾವು ಮಾತ್ರೆ ಸುರಿದೆವು.

"ಅಯ್ಯೋ, ನನ್ನ ಕುತ್ತಿಗೆಯಲ್ಲೇ ಮನೆಗಳ್ಳನಾ?" ಎಂದು ಅಮ್ಮ ನಕ್ಕಳು. ಅದು ಹೋದ ವಾರದ ಮಾತು.

ಎರಡು ವರ್ಷ ಮೊದಲೇ ಬಂದಿದ್ದರೆ ಆ ಗ್ರಂಥಿಯನ್ನು ತೆಗೆಯಬಹುದಿತ್ತು ಎಂದರು ಡಾಕ್ಟರು. ಈಗ ಆ ಕ್ಯಾಲ್ಸಿಯಂನಿಂದಲೇ ಕಿಡ್ನಿ ಕೈಕೊಟ್ಟಿದೆ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಹೃದಯಕ್ಕಿಲ್ಲ. ಡ್ರಿಪ್ ಹಾಕಿದ್ದಾರೆ. ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ್ದಾರೆ.

ನಿನ್ನನ್ನು ನೀನು ಹಳಿದುಕೊಳ್ಳಬೇಡ. ನೀನು ಡಬ್ಬಿಯ ಮೇಲೆ ದಿನಕ್ಕೊಂದು ಎಂದು ಬರೆದಿದ್ದೆ. ಬೇಗ ಗುಣವಾಗಲಿ ಎಂದು ಮೂರು ಮೂರು ಕೊಟ್ಟವನು ನಾನು. ಇದನ್ನು ಡಾಕ್ಟರಿಗೆ ಹೇಳಿದ್ದೇನೆ, ಅಮ್ಮನಿಗೆ ಹೇಳಿಲ್ಲ.

ಕ್ಯಾಲ್ಸಿಯಂ ಏರಿ ತಲೆ ಮಂಕಾಗಿದೆಯಂತೆ, ಬೆಳಗ್ಗೆ ಏಳರಿಂದ ಅರ್ಧ ಗಂಟೆ ಮಾತ್ರ ಅವಳಿಗೆ ಗುರುತು ಸಿಗುತ್ತದೆ. ಆಮೇಲೆ ನನ್ನನ್ನೇ "ಯಾರಪ್ಪಾ ನೀನು, ಊಟ ಆಯ್ತಾ?" ಎಂದು ಕೇಳುತ್ತಾಳೆ. ರಜೆ ಮಂಜೂರಾಗಲಿ ಎಂದು ಕಾಯಬೇಡ. ಏಳು ಗಂಟೆಯೊಳಗೆ ಇಲ್ಲಿಗೆ ತಲುಪುವ ಬಸ್ಸನ್ನೇ ಹಿಡಿ.

ನಿನ್ನ ತಮ್ಮ